ಹೋಗಿ ಬರ್ತೀನಿ ಅಂದವನು

ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದರೆ ನಮ್ಮಲ್ಲಿ ಹಿರಿಯರು ಸುಮ್ಮನಿರುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದವನನ್ನೂ ತಡೆದು ನಿಲ್ಲಿಸಿ "ಹೋಗಿ ಬರ್ತೀನಿ ಅನ್ನೋ" ಎಂದು ತಿದ್ದುತ್ತಾರೆ. ಬೀದಿ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೊರಟವನಿಗೂ ಈ ತಿದ್ದುಪಡಿ ತಪ್ಪಿದ್ದಲ್ಲ. ಬಸ್ಸಿಗೆ ತಡವಾದವನಿಗೆ ಅದೊಂದು ಕಿರಿಕಿರಿ. ಹೊಸ್ತಿಲ ಒಳಗೆ ನಿಂತವರಿಗೆ ಮಾತ್ರ ಆ ಮಾತು ಪೂರ್ತಿ ಕಿವಿಗೆ ಬಿದ್ದ ಮೇಲೆಯೇ ಸಮಾಧಾನ.

ಜಪಾನಿನಲ್ಲೂ ಹೀಗೆಯೇ. ಶಾಲೆಗೆ ಹೊರಟ ಮಗು, ಕೆಲಸಕ್ಕೆ ಹೊರಟ ಅಪ್ಪ, ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ "ಇತ್ತೆ ಕಿಮಾಸು" ಎನ್ನುತ್ತಾರೆ. ಇತ್ತೆ ಎಂದರೆ ಹೋಗಿ, ಕಿಮಾಸು ಎಂದರೆ ಬರುತ್ತೇನೆ. ಕನ್ನಡಕ್ಕೆ ತರುವಾಗ ಏನನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ. ಎರಡು ಕ್ರಿಯಾಪದಗಳು ನಿಂತಿರುವ ಸಾಲೂ ನಮ್ಮದರ ಹಾಗೆಯೇ. ಒಳಗಿನಿಂದ "ಇತ್ತೆ ರಶ್ಶಾಯ್" ಎಂಬ ಉತ್ತರ ಬರುತ್ತದೆ, ಹೋಗಿ ಬಾ ಎಂದು. ಸಂಜೆ ಮರಳಿದವರು "ತದಾಯಿಮಾ" ಅನ್ನುತ್ತಾರೆ, ಈಗಷ್ಟೇ ಬಂದೆ ಎನ್ನುವಂತೆ. ಆಗ ಅಡುಗೆಮನೆಯಿಂದ ಕೇಳುವ ಮಾತು "ಒಕಾಏರಿ". ನಿಘಂಟು ನೋಡಿದರೆ ಸ್ವಾಗತ ಎಂಬರ್ಥ ಸಿಕ್ಕೀತು. ಆದರೆ ಸ್ವಾಗತ ಬಂದ ನೆಂಟರಿಗೆ, ಒಕಾಏರಿ ಮನೆಯವರಿಗೆ. ನಮ್ಮ ಅಮ್ಮಂದಿರು ತಲೆ ಎತ್ತದೆ, ಒಗ್ಗರಣೆಯ ಸೌಟು ಕೆಳಗಿಡದೆ "ಬಂದ್ಯಾ?" ಅನ್ನುತ್ತಾರಲ್ಲ, ಅದು.

2014ರ ಡಿಸೆಂಬರ್ 27, ಶನಿವಾರ. ವರ್ಷ ಮುಗಿಯಲು ನಾಲ್ಕೇ ದಿನ ಉಳಿದಿದ್ದವು. ಆ ದಿನ ಹಿರೋಷಿಮಾ ನಗರಕ್ಕೆ ನಗರವೇ ಈ ಮಾತನ್ನು ಒಬ್ಬ ಮನುಷ್ಯನಿಗೆ ಹೇಳಿತು. ಅವನು ಆ ಊರಲ್ಲಿ ಹುಟ್ಟಿದವನಲ್ಲ. ಊರು ಬಿಟ್ಟು ಏಳು ವರ್ಷವಾಗಿತ್ತು. ನಲವತ್ತು ತುಂಬಲು ಒಂದೂವರೆ ತಿಂಗಳು ಬಾಕಿ. ಹೆಸರು ಹಿರೋಕಿ ಕುರೊಡಾ. ಕಸುಬು, ಬೇಸ್‌ಬಾಲಿನಲ್ಲಿ ಚೆಂಡೆಸೆಯುವುದು. ಪತ್ರಿಕೆಗಳು ಬಹುವಚನದಲ್ಲಿ ಬರೆಯಬಹುದಾದ ವಯಸ್ಸು, ಸಾಧನೆ ಎರಡೂ ಅವನಿಗಿತ್ತು. ಆದರೆ ಅಭಿಮಾನಿಯ ಬಾಯಲ್ಲಿ ಆಟಗಾರ ಯಾವತ್ತೂ ಏಕವಚನ. ಇಲ್ಲಿಯೂ ಹಾಗೆಯೇ ಇರಲಿ.

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿವರ ಬೇಕಾದೀತು. ಬೇಸ್‌ಬಾಲಿನ ಪಿಚರ್ ಓಡಿ ಬಂದು ಎಸೆಯುವುದಿಲ್ಲ. ಮೈದಾನದ ನಡುವೆ ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬವಿರುತ್ತದೆ, ಅದೇ ಮೌಂಡ್. ಅದರ ಮೇಲೆ ನಿಂತಲ್ಲಿಂದಲೇ, ಅರವತ್ತು ಅಡಿ ಆರು ಅಂಗುಲ ಆಚೆಗಿರುವ ಬ್ಯಾಟುಗಾರನ ಕಡೆಗೆ ಮೈಯ ಬಲವನ್ನೆಲ್ಲ ಭುಜಕ್ಕೆ ತಂದು ಎಸೆಯಬೇಕು. ಆಟ ಶುರು ಮಾಡುವ ಪಿಚರ್ ಒಂದು ದಿನ ಸುಮಾರು ನೂರು ಎಸೆತ ಎಸೆದನೆಂದರೆ ತೋಳಿಗೆ ದಿನಗಟ್ಟಲೆ ವಿಶ್ರಾಂತಿ. ಜಪಾನಿನಲ್ಲಂತೂ ಅವನ ಸರದಿ ಹೆಚ್ಚುಕಡಿಮೆ ವಾರಕ್ಕೊಮ್ಮೆ. ಬ್ಯಾಟುಗಾರನನ್ನು ಮೆಚ್ಚಿದವರು ದಿನಾ ಸಂಜೆ ಅವನನ್ನು ನೋಡಬಹುದು. ಪಿಚರ್‌ನನ್ನು ಮೆಚ್ಚಿದವರು ವಾರದ ಸಂತೆಗೆ ಕಾದ ಹಾಗೆ ಕಾಯಬೇಕು. ಕಾಯುವ ಅಭ್ಯಾಸ ಅವರಿಗೆ ಮೊದಲಿನಿಂದಲೇ ಇರುತ್ತದೆ.

ಕುರೊಡಾ ಹುಟ್ಟಿದ್ದು 1975ರಲ್ಲಿ ಒಸಾಕಾದಲ್ಲಿ. ಅಪ್ಪನೂ ವೃತ್ತಿಪರ ಬೇಸ್‌ಬಾಲ್ ಆಡಿದವನೇ. ಆದರೂ ಹೈಸ್ಕೂಲಿನಲ್ಲಿ ಮಗ ತಂಡದ ಮುಖ್ಯ ಪಿಚರ್ ಆಗಿರಲಿಲ್ಲ. ಬದಲಿಯಾಗಿ ಬೆಂಚಿನಲ್ಲಿ ಕೂತೇ ಆ ವರ್ಷಗಳು ಕಳೆದವು. ಟೋಕಿಯೊದ ಸೆನ್ಶೂ ವಿಶ್ವವಿದ್ಯಾಲಯದಲ್ಲಿ ಓದುವಾಗ ತೋಳು ಪಳಗಿತು. 1997ರಲ್ಲಿ ಹಿರೋಷಿಮಾ ಕಾರ್ಪ್ ತಂಡ ಸೇರಿದ. ಆ ಏಪ್ರಿಲ್‌ನಲ್ಲಿ ಮೊದಲ ಪಂದ್ಯ, ಎದುರಿಗೆ ದೇಶದ ಅತಿ ಶ್ರೀಮಂತ ತಂಡವಾದ ಯೊಮಿಯುರಿ ಜೈಂಟ್ಸ್. ಒಂಬತ್ತೂ ಇನಿಂಗ್ಸ್ ತಾನೇ ಎಸೆದು ಗೆಲ್ಲಿಸಿದ.

ಜೈಂಟ್ಸ್ ತಂಡದ ಹಿಂದೆ ದೊಡ್ಡ ಪತ್ರಿಕಾಸಂಸ್ಥೆ ಇದೆ. ಹನ್‌ಶಿನ್ ಟೈಗರ್ಸ್ ಹಿಂದೆ ರೈಲ್ವೆ ಕಂಪನಿ, ಯಾಕುಲ್ಟ್ ಸ್ವಾಲೋಸ್ ಹಿಂದೆ ಪಾನೀಯದ ಕಂಪನಿ. ಕಾರ್ಪ್ ಹಿಂದೆ ಇರುವುದು ಒಂದು ಊರು. ಕಾರ್ಪ್ ಅಂದರೆ ನಮ್ಮ ಗೆಂಡೆ ಮೀನು. ಹಿರೋಷಿಮಾದ ಕೋಟೆಗೆ ಗೆಂಡೆಕೋಟೆ ಎಂಬ ಹಳೆಯ ಹೆಸರಿದೆ. ತಂಡಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಅಣುಬಾಂಬು ಬಿದ್ದು ಐದು ವರ್ಷ ತುಂಬುವ ಮೊದಲೇ, 1950ರ ವಸಂತದಲ್ಲಿ, ಆ ತಂಡ ಲೀಗ್ ಆಡಲು ಇಳಿಯಿತು. ಮರುವರ್ಷವೇ ಕೈ ಬರಿದಾಯಿತು. ಆಟಗಾರರಿಗೆ ಸಂಬಳವಿಲ್ಲ, ತಂಡವನ್ನು ಇನ್ನೊಂದರ ಜೊತೆ ಸೇರಿಸಿಬಿಡುವ ಮಾತು ಎದ್ದಿತು. ಮ್ಯಾನೇಜರ್ ಶುಯಿಚಿ ಇಶಿಮೊಟೊ ಊರವರ ಮುಂದೆ ಕೈಯೊಡ್ಡಿದ. ಮೈದಾನದ ಬಾಗಿಲಲ್ಲಿ ಸಾಕೆ ತುಂಬುವ ಮರದ ಪೀಪಾಯಿಗಳನ್ನಿಟ್ಟರು. ಮನೆ ಕಟ್ಟಿಕೊಳ್ಳಲು ಇನ್ನೂ ಹೆಣಗುತ್ತಿದ್ದ ಜನ ಬಂದು ಚಿಲ್ಲರೆ ಹಾಕಿದರು. "ತಾರು ಬೊಕಿನ್" ಎಂದು, ಅಂದರೆ ಪೀಪಾಯಿ ವಂತಿಗೆ ಎಂದು, ಅದು ಇವತ್ತಿಗೂ ಅಲ್ಲಿ ಮನೆಮಾತು. ತಂಡ ಉಳಿಯಿತು.

ಹೀಗೆ ಉಳಿಸಿಕೊಂಡದ್ದರ ಮೇಲೆ ಜನಕ್ಕೆ ಇರುವ ಪ್ರೀತಿ ಟಿಕೆಟ್ ಕೊಂಡು ನೋಡುವವರ ಪ್ರೀತಿಗಿಂತ ಬೇರೆ ಜಾತಿಯದು. ಅಜ್ಜ ಪೀಪಾಯಿಗೆ ಹಾಕಿದ ನಾಣ್ಯ ಮೊಮ್ಮಗನಿಗೆ ಹಕ್ಕಾಗಿ ಬರುತ್ತದೆ. 1957ರಲ್ಲಿ ಕಟ್ಟಿದ ಹಳೆಯ ಕ್ರೀಡಾಂಗಣವಂತೂ ಬಾಂಬಿಗೆ ಸಿಕ್ಕಿ ಎಲುಬುಗೂಡಾಗಿ ನಿಂತ ಗುಮ್ಮಟದ ಎದುರಿಗೇ ಇತ್ತು. ನಡುವೆ ಟ್ರಾಮ್ ಓಡುವ ಒಂದು ರಸ್ತೆ ಅಷ್ಟೆ. ರಾತ್ರಿ ಆಟ ನಡೆಯುವಾಗ ದೀಪದ ಬೆಳಕು, ಚೀರಾಟ, ಕಹಳೆಯ ಸದ್ದು ಎಲ್ಲ ಆ ಗುಮ್ಮಟದವರೆಗೂ ಹೋಗುತ್ತಿತ್ತು. 1975ರಲ್ಲಿ ಕಾರ್ಪ್ ನೀಲಿ ಟೋಪಿ ಬಿಟ್ಟು ಕೆಂಪು ಟೋಪಿ ತೊಟ್ಟಿತು. ಅದೇ ವರ್ಷ ಮೊದಲ ಬಾರಿ ಸೆಂಟ್ರಲ್ ಲೀಗ್ ಗೆದ್ದಿತು. ಶಾಂತಿ ಬೀದಿಯಲ್ಲಿ ಮೆರವಣಿಗೆ ಹೊರಟಾಗ ಇಕ್ಕೆಲದ ಜನರಲ್ಲಿ ಹಲವರು ಎದೆಗೆ ಚೌಕಟ್ಟಿನ ಫೋಟೊ ಅವುಚಿಕೊಂಡಿದ್ದರು. ಫೋಟೊಗಳಲ್ಲಿದ್ದವರು ಸತ್ತವರು. ಅವರೂ ನೋಡಲಿ ಎಂದು ತಂದಿದ್ದರು.

ಆಮೇಲೆ ಒಳ್ಳೆಯ ಕಾಲವೂ ಬಂತು. ಆದರೆ 1991ರ ಪ್ರಶಸ್ತಿಯ ನಂತರ ಕಾರ್ಪ್‌ನ ಹಣೆಬರಹ ತಿರುಗಿತು. 1993ರಲ್ಲಿ ಜಪಾನಿನಲ್ಲಿ ಹೊಸ ನಿಯಮ ಜಾರಿಯಾಗಿ, ನಿಗದಿತ ವರ್ಷ ಆಡಿದ ಆಟಗಾರ ಬೇಕಾದ ತಂಡಕ್ಕೆ ಹೋಗಬಹುದಾಯಿತು. ದುಡ್ಡಿಲ್ಲದ ಮನೆಗೆ ಇದರಿಂದ ಏನಾಗಬೇಕೋ ಅದೇ ಆಯಿತು. ಹದಿಹರೆಯದಲ್ಲಿ ತಂದು, ಬೆವರಿಳಿಸಿ ಪಳಗಿಸಿದ ಹುಡುಗರು ಒಬ್ಬೊಬ್ಬರಾಗಿ ಹೊರಟರು. ಪಿಚರ್ ಕವಾಗುಚಿ ಜೈಂಟ್ಸ್‌ಗೆ. ಹೋಮ್ ರನ್ ಬಾರಿಸುತ್ತಿದ್ದ ಎತೊ ಕೂಡ ಜೈಂಟ್ಸ್‌ಗೆ. ಕನೆಮೊಟೊ ಹನ್‌ಶಿನ್‌ಗೆ. 1998ರಿಂದ 2012ರವರೆಗೆ, ಹದಿನೈದು ವರ್ಷ ಸತತವಾಗಿ, ಆರು ತಂಡಗಳ ಲೀಗಿನಲ್ಲಿ ಕಾರ್ಪ್ ಒಮ್ಮೆಯೂ ಮೊದಲ ಮೂರರೊಳಗೆ ಬರಲಿಲ್ಲ. ಮೇ ತಿಂಗಳ ಮಕ್ಕಳ ಹಬ್ಬಕ್ಕೆ ಜಪಾನಿನ ಮನೆಗಳ ಮುಂದೆ ಬಟ್ಟೆಯ ಗೆಂಡೆಮೀನುಗಳನ್ನು ಗಾಳಿಗೆ ಹಾರಿಸುತ್ತಾರೆ. ಕಾರ್ಪ್‌ನ ಜೋರು ಆ ಮೀನುಗಳನ್ನು ಕೆಳಗಿಳಿಸುವ ತನಕ ಮಾತ್ರ ಎಂಬ ಮಾತು ಹುಟ್ಟಿಕೊಂಡಿತು. ಕೇಳಿ ಕೇಳಿ ಹಿರೋಷಿಮಾದ ಜನಕ್ಕೆ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನಂತಾಗಿತ್ತು.

ಈ ಕಷ್ಟದ ವರ್ಷಗಳಲ್ಲಿ ವಾರಕ್ಕೊಮ್ಮೆ ಮೌಂಡ್ ಏರಿ ಮರ್ಯಾದೆ ಉಳಿಸುತ್ತಿದ್ದವನು ಕುರೊಡಾ. 2005ರಲ್ಲಿ 15 ಪಂದ್ಯ ಗೆದ್ದುಕೊಟ್ಟು ಲೀಗಿನಲ್ಲೇ ಮುಂದಿದ್ದ. ತಂಡ ಕೊನೆಯ ಸ್ಥಾನದಲ್ಲಿತ್ತು. ಮರುವರ್ಷ ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟ ರನ್ ಸರಾಸರಿ 1.85, ಲೀಗಿನಲ್ಲಿ ಎಲ್ಲರಿಗಿಂತ ಕಡಿಮೆ. ಆ ವರ್ಷವೇ ಅವನಿಗೂ ಹೊರಡುವ ಹಕ್ಕು ಸಿಕ್ಕಿತು. ಹೊರಡುತ್ತಾನೆಂದೇ ಎಲ್ಲರೂ ಅಂದುಕೊಂಡಿದ್ದರು. 2006ರ ಅಕ್ಟೋಬರ್ 16ರಂದು, ಹಳೆಯ ಕ್ರೀಡಾಂಗಣದ ಆ ವರ್ಷದ ಕೊನೆಯ ಆಟದಲ್ಲಿ, ಅಭಿಮಾನಿಗಳು ದೊಡ್ಡದೊಂದು ಬಟ್ಟೆಯ ಬ್ಯಾನರ್ ಬಿಚ್ಚಿ ಹಿಡಿದರು. ಸುತ್ತ ಗ್ಯಾಲರಿಯಲ್ಲಿ ಅವನ ಅಂಗಿಯ ಅಂಕಿಯಾದ 15 ಬರೆದ ಕೆಂಪು ಹಾಳೆಗಳು. ಬ್ಯಾನರ್‌ನಲ್ಲಿ ಹೋಗಬೇಡ ಎಂಬ ಮಾತೇ ಇರಲಿಲ್ಲ. ಇಷ್ಟು ದಿನ ಜೊತೆಗೆ ಹೋರಾಡಿದ್ದೇವೆ, ಮುಂದೆಯೂ ಹಾಗೆಯೇ; ನಿನಗೆ ಕಣ್ಣೀರು ಬಂದರೆ ಆ ಕಣ್ಣೀರು ನಾವಾಗುತ್ತೇವೆ ಎಂಬರ್ಥದ ಸಾಲುಗಳಿದ್ದವು. ಕುರೊಡಾ ಉಳಿದ. ಬೇರೆ ತಂಡದ ಅಂಗಿ ತೊಟ್ಟು ಈ ಜನರ ಮುಂದೆ, ಕಾರ್ಪ್ ವಿರುದ್ಧ ಎಸೆಯುವುದನ್ನು ತನ್ನಿಂದ ಊಹಿಸಿಕೊಳ್ಳಲಾಗುತ್ತಿಲ್ಲ ಎಂದು ಕಾರಣ ಹೇಳಿದ.

ಉಳಿದದ್ದು ಒಂದೇ ವರ್ಷ. 2007ರ ಕೊನೆಗೆ ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ. ಅದೇ ಹೊತ್ತಿಗೆ ತಂಡದ ದೊಡ್ಡ ಹೊಡೆತಗಾರ ತಕಾಹಿರೊ ಅರಾಯ್ ಕೂಡ ಪತ್ರಕರ್ತರ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತ ಹನ್‌ಶಿನ್‌ಗೆ ಹೊರಟ. ಊರಿನ ಸಿಟ್ಟೆಲ್ಲ ಅರಾಯ್ ಮೇಲೆ ಬಿತ್ತು. ಕುರೊಡಾನನ್ನು ಮಾತ್ರ ಯಾರೂ ಬೈಯಲಿಲ್ಲ. ಜಪಾನಿಗೆ ಮರಳಿದರೆ ಕಾರ್ಪ್‌ಗೇ ಮರಳುವುದು, ಅದೂ ತೋಳಿನಲ್ಲಿ ಕಸುವಿರುವಾಗಲೇ ಎಂದು ಅವನು ಹೇಳಿ ಹೋಗಿದ್ದ. ಜನಕ್ಕೆ ಅದು ಪೂರ್ತಿಯಾಗಿ ಹೇಳಿದ ಮಾತಿನಂತೆ ಕೇಳಿಸಿತು.

ಅಂದಿನಿಂದ ಕಾರ್ಪ್ ಆ 15ನ್ನು ಬೇರೆ ಯಾರಿಗೂ ಕೊಡಲಿಲ್ಲ. ಹೊಸ ಪಿಚರ್‌ಗಳು ಬಂದರು, ಹೋದರು. ಹದಿನಾಲ್ಕು ಇತ್ತು, ಹದಿನಾರು ಇತ್ತು. ನಡುವಿನ ಗೂಟ ಖಾಲಿ.

ಜಪಾನಿನಲ್ಲಿ ಒಂದು ಹಳೆಯ ಪದ್ಧತಿಯಿದೆ. ದೂರದ ಪ್ರಯಾಣಕ್ಕೋ ಯುದ್ಧಕ್ಕೋ ಹೋದ ಮನೆಯವನ ಪಾಲಿನ ಊಟವನ್ನು, ಅವನು ಪಂಕ್ತಿಯಲ್ಲಿ ಕೂತಿದ್ದಾನೋ ಎಂಬಂತೆ, ಬಡಿಸಿಡುತ್ತಾರೆ. ಅವನು ಎಲ್ಲಿದ್ದರೂ ಹಸಿಯದಿರಲಿ, ಕ್ಷೇಮವಾಗಿ ಬರಲಿ ಎಂಬ ಹಾರೈಕೆ ಅದು. ಅದಕ್ಕೆ "ಕಾಗೆಜೆನ್" ಎಂದು ಹೆಸರು. ಕನ್ನಡದ ಕಿವಿಗೆ ತಟ್ಟನೆ ಹಕ್ಕಿ ನೆನಪಾಗುತ್ತದೆ. ಅಲ್ಲಿನ ಕಾಗೆ ಎಂದರೆ ನೆರಳು, ಜೆನ್ ಎಂದರೆ ಊಟದ ಮಣೆ. ನೆರಳಿನ ಊಟ. ಎರಡಕ್ಕೂ ನಂಟಿಲ್ಲ ಎಂದು ಗೊತ್ತಿದ್ದರೂ ಮನಸ್ಸು ಜೋಡಿಸಿಬಿಡುತ್ತದೆ. ನಾವು ಕಾಗೆಗೆ ಎಡೆ ಇಡುವುದು ಇನ್ನು ಬಾರದವರಿಗಾಗಿ. ಅವರು ಕಾಗೆಜೆನ್ ಇಡುವುದು ಬರಬೇಕಾದವನಿಗಾಗಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಬೇರೆಯೇ ಇದೆ: ರಾತ್ರಿ ತಡವಾಗಿ ಬರುವವನಿಗೆಂದು ಅನ್ನದ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ, ಹೊರಬಾಗಿಲಿಗೆ ಬರಿಯ ಚಿಲಕ ಮಾತ್ರ ಸಿಕ್ಕಿಸಿ ಮಲಗುವುದು. ಏಳು ವರ್ಷ ಖಾಲಿ ಉಳಿದ ಆ ಅಂಕಿ ಹಾಗೆ ಮುಚ್ಚಿಟ್ಟ ತಟ್ಟೆಯಂತಿತ್ತು.

ಅಮೆರಿಕದಲ್ಲಿ ಅವನು ತೊಟ್ಟದ್ದು 18. ಲಾಸ್ ಏಂಜಲೀಸ್‌ನಲ್ಲಿ ರಾತ್ರಿ ಏಳಕ್ಕೆ ಆಟ ಶುರುವಾದರೆ ಹಿರೋಷಿಮಾದಲ್ಲಿ ಮರುದಿನ ಬೆಳಿಗ್ಗೆ ಹನ್ನೊಂದು. 2012ರಲ್ಲಿ ಅವನು ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ ಮೇಲೆ ಆ ಹೊತ್ತು ಬೆಳಿಗ್ಗೆ ಎಂಟಕ್ಕೆ ಸರಿಯಿತು. ಹೀಗಾಗಿ ಅಭಿಮಾನಿಯ ದಿನ ಎರಡು ಹೋಳಾಯಿತು. ಬೆಳಿಗ್ಗೆ ಕುರೊಡಾ, ಸಂಜೆ ಕಾರ್ಪ್. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನು ಬೇರೆ ಯಾರದೋ ಊರಿಗೆ ಗೆಲುವು ಕೊಡುತ್ತಿದ್ದ. ಸಂಜೆ ಊಟದ ಹೊತ್ತಿಗೆ ತಮ್ಮ ತಂಡ ಸೋಲುತ್ತಿತ್ತು. ಬೆಳಗಿನ ಆ ಒಂದು ಗೆಲುವನ್ನು ಸಂಜೆಯವರೆಗೆ ಹಾಗೇ ಎತ್ತಿಟ್ಟುಕೊಂಡು ತಂದು ಈ ಮೌಂಡ್ ಮೇಲಿಡಲು ಆಗುವಂತಿದ್ದರೆ! ಆ ಹಂಬಲ ಎಂಥದೆಂದು ಮಗನ ಸಂಬಳದ ಸುದ್ದಿಯನ್ನು ಫೋನಿನಲ್ಲಿ ಮಾತ್ರ ಕೇಳುವ ತಾಯಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಲ್ಲಿ ಅವನು ಏಳು ವರ್ಷ ಆಡಿದ. 2008ರ ಜುಲೈನಲ್ಲಿ ಅಟ್ಲಾಂಟಾ ವಿರುದ್ಧ ಏಳು ಇನಿಂಗ್ಸ್‌ವರೆಗೆ ಒಬ್ಬನನ್ನೂ ಬೇಸ್ ಮುಟ್ಟಗೊಡದೆ, ಕೊನೆಗೆ ಒಂದೇ ಒಂದು ಹಿಟ್ ಕೊಟ್ಟು ಮುಗಿಸಿದ. 2009ರ ಆಗಸ್ಟಿನಲ್ಲಿ ಅರಿಜೋನಾದಲ್ಲಿ ಬ್ಯಾಟಿನಿಂದ ಸಿಡಿದ ಚೆಂಡು ನೇರ ತಲೆಗೆ ಬಡಿದು ಮೌಂಡ್ ಮೇಲೆಯೇ ಕುಸಿದ. ಮೈದಾನದಿಂದ ಆಸ್ಪತ್ರೆಗೆ ಒಯ್ದರು. ಮತ್ತೆ ಎದ್ದು ಬಂದು ಎಸೆದ. ಏಳು ವರ್ಷದ ಲೆಕ್ಕ ನೋಡಿದರೆ 79 ಗೆಲುವು, 79 ಸೋಲು, ಸರಾಸರಿ 3.45. ಗೆಲುವು ಸೋಲು ಸಮವಾದದ್ದು ಅವನ ಎಸೆತದ ಕೊರತೆಯಿಂದಲ್ಲ ಎಂದು ಆ ಸರಾಸರಿಯೇ ಹೇಳುತ್ತದೆ. ಅವನು ಎಸೆಯುವ ದಿನ ಅವನದೇ ತಂಡದ ಬ್ಯಾಟುಗಾರರು ರನ್ ಗಳಿಸುತ್ತಿರಲಿಲ್ಲ. ಕಾರ್ಪ್‌ನ ಜನಕ್ಕೆ ಇದೂ ಹಳೆಯ ಪರಿಚಯದ ನೋವೇ.

ಇನ್ನು ಆ ಡಿಸೆಂಬರ್‌ಗೆ, ಅವನು ಕಾರ್ಪ್‌ಗೆ ಮರಳುವ ಸುದ್ದಿ ಬಂದ ದಿನಕ್ಕೆ, ಬರಬೇಕು. 2014ರಲ್ಲಿ ಯಾಂಕೀಸ್ ಪರವಾಗಿ ಅವನು 32 ಪಂದ್ಯ ಶುರು ಮಾಡಿ 11 ಗೆದ್ದಿದ್ದ. ಆ ವರ್ಷದ ಸಂಬಳ 1.6 ಕೋಟಿ ಡಾಲರ್. ಮುಂದಿನ ವರ್ಷಕ್ಕೆ ಅದಕ್ಕಿಂತ ಹೆಚ್ಚು ಕೊಡುವ ಅಮೆರಿಕದ ತಂಡ ಇತ್ತೆಂದು ವರದಿಗಳಾಗಿದ್ದವು. ಕಾರ್ಪ್ ಕೊಡಲಿದ್ದದ್ದು 40 ಕೋಟಿ ಯೆನ್ ಎಂದು ಪತ್ರಿಕೆಗಳು ಬರೆದವು; ಅಂದಿನ ದರದಲ್ಲಿ ಅದು ಯಾಂಕೀಸ್ ಸಂಬಳದ ಐದರಲ್ಲೊಂದು ಪಾಲು. ಹಿಂದೆ ಎಷ್ಟೋ ಆಟಗಾರರು ಹಳೆಯ ತಂಡಕ್ಕೆ ಮರಳಿದ್ದಾರೆ. ಬಹುಮಟ್ಟಿಗೆ ಬೇರೆಲ್ಲೂ ಗಿರಾಕಿ ಇಲ್ಲದಾದಾಗ, ಒಂದು ವರ್ಷ ಕೈಬೀಸಿ ವಿದಾಯ ಹೇಳಲು. ಅದೂ ಸುಂದರವೇ. ಕುರೊಡಾ ಬಂದದ್ದು ಬೇಡಿಕೆ ಇನ್ನೂ ಇದ್ದಾಗ, ತೋಳಿನ್ನೂ ಬಿಸಿಯಾಗಿದ್ದಾಗ.

ಜಪಾನಿನ ಪತ್ರಿಕೆಗಳು ಇದಕ್ಕೆ "ಒತೊಕೊಗಿ" ಎಂಬ ಪದ ಹಿಡಿದವು. ಗಂಡಸುತನದ ಉದಾರ ಗುಣ ಎಂದು ಅದರ ಅರ್ಥ. ಟೀ ಶರ್ಟುಗಳ ಮೇಲೂ ಆ ಪದ ಬಂತು. ಚೆನ್ನಾದ ಪದವೇ. ಆದರೆ ಅದರಲ್ಲಿ ಬಂದವನ ದೊಡ್ಡತನ ಮಾತ್ರ ಕಾಣುತ್ತದೆ. ಕಾದವರ ಏಳು ವರ್ಷ ಕಾಣುವುದಿಲ್ಲ. ಒಕಾಏರಿ ಎಂಬ ಮಾತಿಗೆ ಬಾಗಿಲ ಎರಡು ಕಡೆಯೂ ಜನ ಬೇಕು. ಅಭಿಮಾನಿಗಳ ಬಾಯಿಗೆ ಮೊದಲು ಬಂದದ್ದು ಅದೇ.

2015ರ ಮಾರ್ಚ್ 29. ಹಳೆಯ ಕ್ರೀಡಾಂಗಣ ಆ ಹೊತ್ತಿಗೆ ಇರಲಿಲ್ಲ. 2009ರಲ್ಲಿ ರೈಲು ನಿಲ್ದಾಣದ ಹತ್ತಿರ ಹೊಸ ಮಜ್ದಾ ಕ್ರೀಡಾಂಗಣ ಎದ್ದಿತ್ತು. ಬುಲೆಟ್ ರೈಲಿನಲ್ಲಿ ಹೋಗುವವರಿಗೂ ಕಿಟಕಿಯಿಂದ ಮೈದಾನದ ಹಸಿರು ಒಂದು ಕ್ಷಣ ಕಾಣುತ್ತದೆ. ಕುರೊಡಾ ಅಲ್ಲಿ ಕಾರ್ಪ್ ಅಂಗಿ ತೊಟ್ಟು ಲೀಗ್ ಪಂದ್ಯ ಆಡುತ್ತಿದ್ದದ್ದು ಅದೇ ಮೊದಲು. ಮನೆಯವರು ಹೊಸ ಮನೆ ಕಟ್ಟಿದ ಮೇಲೆ ಪರದೇಶದಿಂದ ಬಂದ ಮಗನ ಹಾಗೆ. ಬೆನ್ನಿನ ಮೇಲೆ 15 ಹೊತ್ತು ಅವನು ಮೌಂಡಿನ ಕಡೆ ನಡೆದಾಗ ಎದ್ದ ಸದ್ದನ್ನು ಬರಹದಲ್ಲಿ ಹಿಡಿಯುವುದು ಕಷ್ಟ. ಕಾರ್ಪ್‌ನ ಅಭಿಮಾನಿಗಳು ಹುರಿದುಂಬಿಸುವ ರೀತಿಯೇ ವಿಶೇಷ: ಅರ್ಧ ಜನ ಎದ್ದಾಗ ಅರ್ಧ ಜನ ಕೂರುತ್ತಾರೆ, ಇವರು ಕೂತಾಗ ಅವರು ಏಳುತ್ತಾರೆ, ಇಡೀ ಗ್ಯಾಲರಿ ಕೆಂಪು ತೆರೆಯಂತೆ ಮೇಲೆ ಕೆಳಗೆ ಆಡುತ್ತದೆ. ಅದು ತಮ್ಮವರು ಬ್ಯಾಟ್ ಮಾಡುವಾಗ. ಪಿಚರ್ ಎಸೆಯುವಾಗ ಉಸಿರು ಬಿಗಿಹಿಡಿದು ಕೂರಬೇಕು. ಯಾಕುಲ್ಟ್ ವಿರುದ್ಧ ಏಳು ಇನಿಂಗ್ಸ್, 96 ಎಸೆತ. ಒಂದೂ ರನ್ ಕೊಡಲಿಲ್ಲ. ಪಂದ್ಯ 2-1ರಲ್ಲಿ ಕಾರ್ಪ್‌ನದಾಯಿತು.

ಎಸೆತಗಾರಿಕೆ ಬದಲಾಗಿತ್ತು. ಹೋಗುವಾಗ ಅವನು ವೇಗದ ಬಲದಿಂದ ಬ್ಯಾಟುಗಾರರನ್ನು ಸೋಲಿಸುತ್ತಿದ್ದವನು. ಬರುವಾಗ ಬೇರೆ ವಿದ್ಯೆ ತಂದಿದ್ದ. ಎಡಗೈ ಬ್ಯಾಟುಗಾರನ ಸೊಂಟದ ಕಡೆಗೆ ಚೆಂಡು ಹೊರಡುತ್ತದೆ. ಅವನು ಮೈ ಹಿಂದೆ ಎಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಚೆಂಡು ಬಾಗಿ ಪ್ಲೇಟಿನ ಒಳ ಅಂಚಿಗೆ ತಿರುಗಿ ಸ್ಟ್ರೈಕ್ ಆಗುತ್ತದೆ. ಇದಕ್ಕೆ ಬೇಸ್‌ಬಾಲಿನವರ ಹೆಸರು ಫ್ರಂಟ್ ಡೋರ್, ಮುಂಬಾಗಿಲು. ಅವನು ಬಂದ ವರ್ಷ ಜಪಾನಿನ ಟಿವಿ ವೀಕ್ಷಕರಿಗೆಲ್ಲ ಈ ಪದ ಬಾಯಿಪಾಠವಾಯಿತು. ಮನೆಗೆ ಮರಳಿದವನ ಚೆಂಡಿಗೆ ಇಷ್ಟು ಒಪ್ಪುವ ಹೆಸರು ಯಾರೂ ಹುಡುಕಿ ಇಟ್ಟದ್ದಲ್ಲ.

ಅದೇ ವರ್ಷ ಅರಾಯ್ ಕೂಡ ಮರಳಿ ಬಂದಿದ್ದ. ಅವನ ಕಥೆ ಬೇರೆ. ಹನ್‌ಶಿನ್ ಅಂಗಿಯಲ್ಲಿ ಅವನು ಹಿರೋಷಿಮಾಕ್ಕೆ ಬಂದಾಗಲೆಲ್ಲ ಜನ ಕೂಗಿ ಕೂಗಿ ಹೀಯಾಳಿಸಿದ್ದರು. ಅವನ 25ನ್ನು ಯಾರೂ ಕಾದಿಟ್ಟಿರಲಿಲ್ಲ. 28 ತೊಟ್ಟು ಒಂದು ವರ್ಷ ಆಡಿದ ಮೇಲಷ್ಟೇ ಹಳೆಯ ಅಂಕಿ ಸಿಕ್ಕಿತು. ಮರಳಿದ ಮೇಲೆ ಮೊದಲ ಬಾರಿ ಬದಲಿ ಬ್ಯಾಟುಗಾರನಾಗಿ ಹೊರಬಂದಾಗ ಬೈಗುಳವನ್ನೇ ನಿರೀಕ್ಷಿಸಿದ್ದ. ಎದ್ದದ್ದು ದೊಡ್ಡ ಜಯಕಾರ. ಜಗಳವಾಡಿಕೊಂಡು ಹೋದವನು ಹಿತ್ತಲ ಬಾಗಿಲಿನಿಂದ ಒಳಗೆ ಬಂದರೂ ಅಡುಗೆಮನೆಯಲ್ಲಿ ಅನ್ನ ಇದ್ದೇ ಇರುತ್ತದೆ. ಮುಂದೆ, 2023ರಲ್ಲಿ, ಇದೇ ಅರಾಯ್ ಕಾರ್ಪ್‌ನ ಮ್ಯಾನೇಜರ್ ಆದ. ಕುರೊಡಾ ತಂಡದ ಸಲಹೆಗಾರನಾಗಿ ಅವನ ಜೊತೆ ನಿಂತ.

ಆ 2015ರಲ್ಲಿ ಕುರೊಡಾ 11 ಪಂದ್ಯ ಗೆದ್ದ, ತಂಡ ಮಾತ್ರ ನಾಲ್ಕನೆಯ ಸ್ಥಾನಕ್ಕೆ ನಿಂತಿತು. ವರ್ಷದ ಕೊನೆಗೆ ಯುವ ಪಿಚರ್ ಕೆಂಟಾ ಮಯೆಡಾ ಡಾಡ್ಜರ್ಸ್‌ಗೆ ಹೊರಟ. ಮತ್ತದೇ ಹಳೆಯ ಕಥೆ ಎಂದು ಊರು ನಿಟ್ಟುಸಿರು ಬಿಟ್ಟಿರಬೇಕು. ಮರುವರ್ಷ ಮೇ ಬಂತು, ಬಟ್ಟೆಯ ಮೀನುಗಳು ಕೆಳಗಿಳಿದವು. ಕಾರ್ಪ್ ಇಳಿಯಲಿಲ್ಲ. ಏಪ್ರಿಲ್‌ನಲ್ಲಿ ಅರಾಯ್ ಎರಡು ಸಾವಿರನೆಯ ಹಿಟ್ ಹೊಡೆದಿದ್ದ. ಜುಲೈ 23ರಂದು, ಮನೆಯಂಗಳದಲ್ಲೇ, ಹನ್‌ಶಿನ್‌ಗೆ ಏಳು ಇನಿಂಗ್ಸ್ ರನ್ನಿಲ್ಲದಂತೆ ಮಾಡಿ 41ರ ಕುರೊಡಾ ಎರಡು ದೇಶಗಳ ಲೀಗುಗಳನ್ನು ಕೂಡಿಸಿ ಇನ್ನೂರನೆಯ ಗೆಲುವು ಪಡೆದ. ಹೀಗೆ ಎರಡು ದೇಶ ಕೂಡಿಸಿ ಇನ್ನೂರು ಮುಟ್ಟಿದವರು ಅವನಿಗಿಂತ ಮೊದಲು ಹಿದೆಯೊ ನೊಮೊ ಒಬ್ಬನೇ.

ಸೆಪ್ಟೆಂಬರ್ 10, ಟೋಕಿಯೊ ಡೋಮ್. ಗೆದ್ದರೆ ಲೀಗ್ ಕಾರ್ಪ್‌ನದು, ಇಪ್ಪತ್ತೈದು ವರ್ಷದ ನಂತರ. ಎದುರಾಳಿ ಜೈಂಟ್ಸ್. ಪಂದ್ಯ ಶುರು ಮಾಡುವ ಸರದಿ ಕುರೊಡಾನದು. ಸುಲಭವಾಗಿರಲಿಲ್ಲ, ಮೂರು ರನ್ ಕೊಟ್ಟು ಆರು ಇನಿಂಗ್ಸ್ ಮುಗಿಸಿದ. ಹುಡುಗ ಸೆಯಿಯಾ ಸುಜುಕಿ ಎರಡು ಹೋಮ್ ರನ್ ಬಾರಿಸಿದ. 6-4. ಹಿರೋಷಿಮಾ ಪ್ರದೇಶದಲ್ಲಿ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಮನೆಗಳ ಟಿವಿಯಲ್ಲಿ ಆ ಪಂದ್ಯ ಓಡುತ್ತಿತ್ತು. ಕೊನೆಯ ಔಟ್ ಆದ ಮೇಲೆ ಮೈದಾನದಲ್ಲಿ ಕುರೊಡಾ, ಅರಾಯ್ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಒಂದೇ ಚಳಿಗಾಲ ಮನೆ ಬಿಟ್ಟು ಹೋಗಿ, ಒಂದೇ ಚಳಿಗಾಲ ಮನೆಗೆ ಬಂದ ಇಬ್ಬರು. ಟಿವಿಯ ಮುಂದೆ ಕೂತವರಿಗೆ ತಾವು ಯಾರಿಗಾಗಿ ಅಳುತ್ತಿದ್ದೇವೆಂದು ಬೇರೆ ಬೇರೆಯಾಗಿ ಹೇಳಲು ಬರುತ್ತಿರಲಿಲ್ಲ.

ಅಕ್ಟೋಬರ್ 18ರಂದು, ವರ್ಷದ ಅಂತಿಮ ಸರಣಿಯಾದ ಜಪಾನ್ ಸೀರೀಸ್ ಶುರುವಾಗುವ ಮೊದಲು, ಕುರೊಡಾ ನಿವೃತ್ತಿ ಹೇಳಿದ. ಮೂರನೆಯ ಪಂದ್ಯ ಸಪ್ಪೊರೊದಲ್ಲಿ. ಅವನು ಎದುರಿಸಿದ ಕೊನೆಯ ಬ್ಯಾಟುಗಾರ ಇಪ್ಪತ್ತೆರಡರ ಹುಡುಗ, ಶೊಹೆಯಿ ಓತಾನಿ. ಅದಾಗಲೇ ಅವನಿಂದ ಎರಡು ಡಬಲ್ ಹೊಡೆಸಿಕೊಂಡಿದ್ದ. ಮೂರನೆಯ ಬಾರಿ ಓತಾನಿಯ ಚೆಂಡು ಲೆಫ್ಟ್ ಫೀಲ್ಡರನ ಕೈ ಸೇರಿತು. ಅಷ್ಟರಲ್ಲಿ ಕಾಲು ಹಿಡಿದುಕೊಂಡಿತು. ಕುರೊಡಾ ಒಳಗೆ ಹೋಗಿ, ಮತ್ತೆ ಬಂದು ಎಸೆದು ನೋಡಿ, ಆಗದೆ ಇಳಿದ. ಏಳನೆಯ ಪಂದ್ಯವಾಗಿದ್ದರೆ ಅದು ಹಿರೋಷಿಮಾದಲ್ಲಿ, ಅವನ ಸರದಿಯದಾಗಬೇಕಿತ್ತು. ಇನ್ನೊಮ್ಮೆ ನೋಡಬಹುದೆಂದು ಊರು ಎಣಿಸುತ್ತಿತ್ತು. ಆರನೆಯದರಲ್ಲೇ ಸೋತು ಸೀರೀಸ್ ಮುಗಿಯಿತು.

ನವೆಂಬರ್ 5ರಂದು ಮೆರವಣಿಗೆ. ನಲವತ್ತೊಂದು ವರ್ಷದ ಹಿಂದೆ ನಡೆದಿದ್ದ ಅದೇ ಶಾಂತಿ ಬೀದಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ. ಈ ಸಲವೂ ಚೌಕಟ್ಟಿನ ಫೋಟೊಗಳು ಬಂದಿದ್ದವು. ಈ ಇಪ್ಪತ್ತೈದು ವರ್ಷಗಳಲ್ಲಿ ಕಾಯುತ್ತ ಕಾಯುತ್ತ ಹೊರಟುಹೋದ ಅಪ್ಪಂದಿರು, ಅಜ್ಜಿಯರು. ಮಕ್ಕಳು ಅವರನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಕುರೊಡಾ ಹೋಗುವ ದಾರಿಗೆ ಮುಖ ಮಾಡಿ ನಿಲ್ಲಿಸಿದ್ದರು.

ಆಮೇಲೆ ಕ್ರೀಡಾಂಗಣದಲ್ಲಿ ಸಮಾರಂಭ. 15 ಇನ್ನು ಯಾರಿಗೂ ಇಲ್ಲವೆಂದು ಕಾರ್ಪ್ ಆಗಲೇ ಹೇಳಿತ್ತು. ಕಿನುಗಾಸಾನ 3, ಯಮಾಮೊಟೊನ 8, ಈಗ ಇದು. ತಂಡದ ಇತಿಹಾಸದಲ್ಲಿ ಹೀಗೆ ಕಾಯಂ ಆಗಿ ಎತ್ತಿಟ್ಟ ಮೂರನೆಯ ಅಂಕಿ. ಕೊನೆಯಲ್ಲಿ ಕುರೊಡಾ ಒಬ್ಬನೇ ಮೌಂಡಿನ ಕಡೆ ನಡೆದ. ಕೈಯಲ್ಲಿ ಚೆಂಡಿರಲಿಲ್ಲ. ಎರಡು ದಶಕ ಕಾಲೂರಿ ನಿಂತ ಎತ್ತರದಲ್ಲಿ ಈಗ ಮಂಡಿಯೂರಿ, ತಲೆ ತಗ್ಗಿಸಿ, ಬಹಳ ಹೊತ್ತು ಹಾಗೇ ಇದ್ದ. ಭುಜಗಳು ಅಲುಗುತ್ತಿದ್ದವು. ಗ್ಯಾಲರಿಯಲ್ಲಿ ಕೂತವರಿಗೆ ಅವನ ಮುಖ ಕಾಣುತ್ತಿರಲಿಲ್ಲ. ಬಾಗಿದ ಬೆನ್ನೂ ಅದರ ಮೇಲಿನ ಅಂಕಿಯೂ ಕಾಣುತ್ತಿದ್ದವು.